ಟವೆಲ್ ಕಟ್ಟಿಕೊಂಡು ಹಾಡು ಕೇಳಿದ ಕಥೆ

ನನ್ನ ಗೆಳೆಯರಲ್ಲಿ ಒಬ್ಬನಿಗೆ ಕಪ್ಪು ತಟ್ಟೆಯಂಥ ರೆಕಾರ್ಡಿನಿಂದ ಬಂದದ್ದಷ್ಟೇ ಸಂಗೀತ. ಇನ್ನೊಬ್ಬ ಡಿಜಿಟಲ್ ಪಕ್ಷ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಹಾಡು ಕೇಳುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತದೆ.

'ಡಿಜಿಟಲ್‌ನಲ್ಲಿ ದನಿಯನ್ನು ಚೂರು ಚೂರು ಮಾಡ್ತೀರಲ್ಲ, ಚೂರುಗಳ ನಡುವೆ ಇದ್ದದ್ದು ಎಲ್ಲಿ ಹೋಯ್ತು?' ಇದು ರೆಕಾರ್ಡ್ ಗೆಳೆಯನ ಖಾಯಂ ಪ್ರಶ್ನೆ.

'ಎಲ್ಲೂ ಹೋಗಿಲ್ಲ ಕಣೋ' ಅನ್ನುತ್ತಾನೆ ಇನ್ನೊಬ್ಬ. ಸಿಡಿಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿಡುತ್ತಾರೆ. ಅದರ ಅರ್ಧ, ಅಂದರೆ ಸೆಕೆಂಡಿಗೆ 22,050 ಕಂಪನ ಅಥವಾ 22,050 ಹರ್ಟ್ಸ್‌ಗಿಂತ ಕೆಳಗಿನ ದನಿ ಮತ್ತೆ ಜೋಡಿಸಿಕೊಳ್ಳಲು ಅಷ್ಟು ಅಳತೆ ಸಾಕು. ಮನುಷ್ಯರಿಗೆ ಕೇಳಿಸುವುದೇ ಸುಮಾರು 20,000ದ ತನಕ. ಅದೂ ಎಳೆಯ ಕಿವಿಗೆ. ಜಗಳವಾಡುವ ಇವರಿಬ್ಬರ ಕಿವಿಗೆ ಆ ಮೇಲಿನ ದನಿಗಳು ಎಂದೋ ಟಾಟಾ ಹೇಳಿವೆ ಅಂತ ನನ್ನ ಗುಮಾನಿ.

ಹೆಡ್‌ಫೋನ್ ಆಂಪ್, ಅಂದರೆ ದನಿಗೆ ಬಲ ಕೊಡುವ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಇಬ್ಬರೂ ಸ್ವಲ್ಪ ಹತ್ತಿರ ಬರುತ್ತಾರೆ. ವಿದ್ಯುತ್ತಿಗೆ ತಡೆ ಜಾಸ್ತಿ ಇರುವ, 300 ಓಮ್‌ನ ಹೆಡ್‌ಫೋನನ್ನು ಫೋನಿಗೆ ಚುಚ್ಚಿದರೆ ಸೊಳ್ಳೆ ಹಾಡಿದ ಹಾಗೆ ಕೇಳಿಸಬಹುದು. ಅದಕ್ಕೆ ಜಾಸ್ತಿ ವೋಲ್ಟೇಜ್ ಬೇಕು, ಆಂಪ್ ಕೊಡುತ್ತದೆ. ಆದರೆ ಅದೇ ಆಂಪ್‌ಗೆ ಪುಟ್ಟ ಇಯರ್‌ಫೋನ್ ಚುಚ್ಚಿದರೆ ಹಾಡಿಗಿಂತ ಮೊದಲು 'ಸ್ಸ್‌ಸ್' ಬರುತ್ತದೆ. ಗುಂಡಿ ಕೂದಲೆಳೆಯಷ್ಟು ತಿರುಗಿಸಿದರೂ ಕುರ್ಚಿಯಿಂದ ಹಾರಬೇಕಾಗುತ್ತದೆ. ರೆಕಾರ್ಡ್ ಗೆಳೆಯ ಹಾರಿದ. ಹೆಡ್‌ಫೋನ್ ವೈರ್ ಕಾಲಿಗೆ ಸಿಕ್ಕಿ ಆಂಪೂ ಜೊತೆಗೆ ಹಾರಿತು. ಪುಣ್ಯಕ್ಕೆ ಹಾಸಿಗೆ ಮೇಲೆ ಬಿತ್ತು.

ಕೊನೆಗೆ ಪರೀಕ್ಷೆ ಅಂತಾಯಿತು. ರೆಕಾರ್ಡ್ ಗೆಳೆಯನ ಕಣ್ಣಿಗೆ ಟವೆಲ್ ಕಟ್ಟಿ, ಗಾಜಿನ ಕೊಳವೆಗಳಿರುವ ಅವನ ಹಳೇ ಮಾದರಿಯ ವಾಲ್ವ್ ಆಂಪನ್ನೂ ಒಂದು ಪುಟ್ಟ ಟ್ರಾನ್ಸಿಸ್ಟರ್ ಆಂಪನ್ನೂ ಬದಲಿಸಿ ಬದಲಿಸಿ ಕೇಳಿಸಿದೆವು. ಪ್ರತಿ ಸಲವೂ ಒಂದನ್ನೇ ಆರಿಸಿದ. ಆಹಾ, ಎಂಥ ಆಳ, ಎಂಥ ಜೀವ! ನೋಡಿದರೆ ಅದು ಟ್ರಾನ್ಸಿಸ್ಟರ್. ವಾಲ್ಯೂಮ್ ಒಂಚೂರು ಜಾಸ್ತಿ ಇತ್ತು, ಅಷ್ಟೇ. ಕಿವಿಯ ಬುದ್ಧಿಯೇ ಹಾಗೆ, ತುಸು ಜೋರಾಗಿದ್ದದ್ದೇ ಚಂದ ಅನಿಸುತ್ತದೆ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತಂದು ಎರಡರ ವಾಲ್ಯೂಮನ್ನೂ ಸರಿಸಮ ಮಾಡಿದ ಮೇಲೆ ಯಾವುದು ಯಾವುದೆಂದು ಹೇಳಲಾಗಲಿಲ್ಲ.

'ಟವೆಲ್ ಬಿಗಿಯಾಗಿತ್ತು, ಕಿವಿ ಮುಚ್ಚಿಕೊಂಡಿತ್ತು' ಅಂದ.

ಅವನೊಬ್ಬನನ್ನೇ ಆಡಿಕೊಳ್ಳುವುದು ನ್ಯಾಯವಲ್ಲ. ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ರೆಕಾರ್ಡುಗಳಲ್ಲಿ ಎಷ್ಟೋ ಡಿಜಿಟಲ್ ಹಂತ ದಾಟಿ ಬಂದವು ಅಂತ 2022ರಲ್ಲಿ ಹೊರಬಿತ್ತು. ಅಲ್ಲಿಯ ತನಕ ಅವನ್ನು ಅಪ್ಪಟ ಅನಲಾಗ್, ಅಂದರೆ ಡಿಜಿಟಲ್ ಸೋಂಕೇ ಇಲ್ಲದ್ದು, ಅಂತ ಕೊಂಡಾಡಿದವರ ಕಿವಿ ಏನೂ ಸುಳಿವು ಕೊಟ್ಟಿರಲಿಲ್ಲ.

ಆಂಪ್ ಹಾರಿದ್ದಕ್ಕೋ ಏನೋ, ಗೆಳೆಯನಿಗೆ ವೈರ್ ಸಹವಾಸವೇ ಸಾಕಾಯಿತು. ರೆಕಾರ್ಡ್ ತಿರುಗಿಸಿ ನುಡಿಸುವ, ಬ್ಲೂಟೂತ್ ಇರುವ ಟರ್ನ್‌ಟೇಬಲ್ ತಂದು ನಮ್ಮನ್ನು ಕರೆದ. ವೈರಿಲ್ಲದ ಹೆಡ್‌ಫೋನನ್ನು ಡಿಜಿಟಲ್ ಗೆಳೆಯನ ತಲೆಗೆ ಹಾಕಿ, 'ಕೇಳು, ಅಪ್ಪಟ ಅನಲಾಗ್' ಅಂದ. ಬ್ಲೂಟೂತ್ ಅಂದರೆ ದನಿಯನ್ನು ಡಿಜಿಟಲ್ ಮಾಡಿ, ಹಿಂಡಿ, ಗಾಳಿಯಲ್ಲಿ ಕಳಿಸುವುದು. ಡಿಜಿಟಲ್ ಗೆಳೆಯನ ಬಾಯಿ ತೆರೆಯಿತು. ನಾನು ಟೇಬಲ್ ಕೆಳಗೆ ಅವನ ಕಾಲು ತುಳಿದೆ.

'ಅಯ್ಯೋ!' ಅಂದ.

'ನೋಡಿದ್ರಾ, ಇವನಿಗೂ ಮೈ ಜುಮ್ಮಂತು!'