ಏಕಾಂತಕ್ಕೊಂದು ಸಾಕ್ಷಿ ಬೇಕು

ಈ ಸಲದ ಹುಟ್ಟುಹಬ್ಬಕ್ಕೆ ಯಾರ ಕಣ್ಣಿಗೂ ಬೀಳದೆ ದೂರದ ದ್ವೀಪವೊಂದಕ್ಕೆ ಒಬ್ಬನೇ ಹೋಗಿಬಿಡಬೇಕು ಅಂತ ತೀರ್ಮಾನಿಸಿದೆ. ಈ ಗುಟ್ಟನ್ನು ಮೊದಲು ಹೇಳಿದ್ದು ನಾಲ್ಕು ವಾಟ್ಸಾಪ್ ಗುಂಪುಗಳಿಗೆ. ಆಮೇಲೆ ಆಫೀಸಿನವರಿಗೆ. ಕೊನೆಗೆ ಸ್ಟೇಟಸ್ಸಿನಲ್ಲಿ ಹಾಕಿದೆ: ‘ನಾಲ್ಕು ದಿನ ನಾನು ಯಾರ ಕೈಗೂ ಸಿಗಲ್ಲ. ದಯವಿಟ್ಟು ಹುಡುಕಬೇಡಿ.’ ಅಲ್ಲಿಯತನಕ ಯಾರೂ ಹುಡುಕಿರಲಿಲ್ಲ, ಆ ಮಾತು ಬೇರೆ.

ಹಿಂದೆಲ್ಲ ಜನರ ಸಹವಾಸ ಸಾಕು ಅನ್ನಿಸಿದರೆ ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಖರ್ಚಿಲ್ಲದ ಕೆಲಸ. ಈಗ ಅದಕ್ಕೆ ವೀಸಾ, ವಿಮಾನ, ದೋಣಿ, ಟ್ರೈಪಾಡ್ ಎಲ್ಲ ಬೇಕು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದವನನ್ನು ನೋಡಿ ‘ಪಾಪ, ಏನೋ ಮಂಕು ಹಿಡಿದಿದೆ’ ಅನ್ನುತ್ತಾರೆ. ಅವನೇ ದ್ವೀಪಕ್ಕೆ ಹೋಗಿ ಮಲಗಿದರೆ ‘ತನ್ನನ್ನು ತಾನು ಹುಡುಕಿಕೊಳ್ಳುತ್ತಿದ್ದಾನೆ’ ಅನ್ನುತ್ತಾರೆ. ಎರಡೂ ಕಡೆ ಅವನು ಮಾಡುತ್ತಿರುವುದು ನಿದ್ದೆ.

ದ್ವೀಪ ಹುಡುಕುವುದೇನೂ ಕಷ್ಟವಾಗಲಿಲ್ಲ. ‘ಯಾರಿಗೂ ಗೊತ್ತಿಲ್ಲದ ಹತ್ತು ದ್ವೀಪಗಳು’ ಅಂತ ಒಂದು ವಿಡಿಯೊ ಸಿಕ್ಕಿತು. ಅದನ್ನು ಆಗಲೇ ಲಕ್ಷಾಂತರ ಜನ ನೋಡಿದ್ದರು. ಯಾರಿಗೂ ಗೊತ್ತಿಲ್ಲ ಅನ್ನುವುದು ಅಷ್ಟೂ ಜನರಿಗೆ ಗೊತ್ತಿತ್ತು. ವಿಡಿಯೊ ಮಾಡಿದವನು ಕೊನೆಯಲ್ಲಿ ದನಿ ತಗ್ಗಿಸಿ, ‘ಇದು ನಮ್ಮಿಬ್ಬರ ನಡುವೆಯೇ ಇರಲಿ’ ಅಂದ. ಉಸಿರು ಬಿಡುವಷ್ಟರಲ್ಲಿ ‘ತಪ್ಪದೆ ಎಲ್ಲರಿಗೂ ಶೇರ್ ಮಾಡಿ’ ಅಂತಲೂ ಅಂದ.

ಇಂಥ ಗುಟ್ಟು ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಥಾಯ್ಲೆಂಡಿನ ಮಾಯಾ ಬೇಯನ್ನು ಕೇಳಬೇಕು. ಫಿ ಫಿ ಲೇ ಅನ್ನುವ ಪುಟ್ಟ ದ್ವೀಪದಲ್ಲಿ, ಬಂಡೆಗಳ ಗೋಡೆಯ ನಡುವೆ ಅಡಗಿ ಕೂತಿರುವ ಒಂದು ಚೂರು ಮರಳು ಅದು. ಅಲ್ಲೊಂದು ಸಿನಿಮಾ ಚಿತ್ರೀಕರಣ ಆಯಿತು. ಯಾರಿಗೂ ಗೊತ್ತಿಲ್ಲದ ಕಡಲತೀರವನ್ನು ಹುಡುಕಿಕೊಂಡು ಹೋಗುವವರ ಕತೆ. ನೋಡಿದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೇ ಹೊರಟರು. ದಿನಕ್ಕೆ ಐದು ಸಾವಿರದವರೆಗೂ ಜನ ಬರತೊಡಗಿದರು. ದೋಣಿಗಳ ಲಂಗರಿಗೆ ಸಿಕ್ಕಿ ಹವಳ ಪುಡಿಯಾಯಿತು. 2018ರಲ್ಲಿ ಸರ್ಕಾರ ಕಡಲಿಗೇ ಬೀಗ ಹಾಕಿತು. ತೆರೆದದ್ದು 2022ರ ಜನವರಿಯಲ್ಲಿ. ಆ ನಡುವೆ, ರೆಕ್ಕೆಯ ತುದಿ ಕಪ್ಪಗಿರುವ ಶಾರ್ಕ್ ಮೀನುಗಳು ಮರಳಿ ಬಂದವು. ಇಷ್ಟೆಲ್ಲ ಗಲಾಟೆಯಲ್ಲಿ ಏಕಾಂತ ಅಂತ ಯಾರಿಗಾದರೂ ಸಿಕ್ಕಿದ್ದರೆ ಅವುಗಳಿಗೇ. ಅವು ಗುಂಪು ಕಟ್ಟಿಕೊಂಡೇ ಬಂದಿದ್ದವು, ಆದರೂ ಸಿಕ್ಕಿತು.

ನಾನು ಇನ್ನೂ ದೂರದ್ದು ನೋಡೋಣ ಅಂದುಕೊಂಡೆ. ದಕ್ಷಿಣ ಅಟ್ಲಾಂಟಿಕ್ ಸಾಗರದ ಟ್ರಿಸ್ಟನ್ ಡ ಕುನ್ಹಾ ಕಣ್ಣಿಗೆ ಬಿತ್ತು. ಜನ ವಾಸವಿರುವ ದ್ವೀಪಗಳಲ್ಲಿ ಇಷ್ಟು ದೂರದ್ದು ಇನ್ನೊಂದಿಲ್ಲ. ಪಕ್ಕದ ಊರು ಅಂದರೆ ಸೇಂಟ್ ಹೆಲೆನಾ, ಅದೂ 2,400 ಕಿಲೋಮೀಟರ್ ಆಚೆ. ವಿಮಾನ ನಿಲ್ದಾಣ ಇಲ್ಲ. ಕೇಪ್‌ಟೌನಿನಿಂದ ಹಡಗು ಹತ್ತಿದರೆ ಸುಮಾರು ಒಂದು ವಾರದ ದಾರಿ. ಕಡಲು ಮುನಿಸಿಕೊಂಡಿದ್ದರೆ ದ್ವೀಪವನ್ನು ಕಣ್ಣೆದುರಿಗೇ ಇಟ್ಟುಕೊಂಡು ಹಡಗಲ್ಲೇ ಕಾಯಬೇಕು. ಹುಟ್ಟುಹಬ್ಬ ಕಳೆದೂ ಹೋಗಬಹುದು. ಮೇಲಾಗಿ, ಹೊರಡುವ ಮೊದಲು ದ್ವೀಪದ ಮಂಡಳಿಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ವಾಪಸ್ ಹೋಗುವ ವ್ಯವಸ್ಥೆ ಆಗಿದೆ ಅಂತ ತೋರಿಸಬೇಕು. ಒಂಟಿಯಾಗಿರಲು ಬರುವವರು ಒಂಟಿಯಾಗಿಯೇ ಉಳಿದುಬಿಟ್ಟರೆ ಅನ್ನುವ ಭಯ ಅವರಿಗೂ ಇರಬೇಕಲ್ವಾ?

ಆದರೆ ನಾನು ಕೈಬಿಟ್ಟಿದ್ದು ಅದಕ್ಕಲ್ಲ. ಅಲ್ಲಿರುವುದು 250ಕ್ಕಿಂತ ಕಡಿಮೆ ಜನ. ಎಲ್ಲರೂ ಎಲ್ಲರಿಗೂ ಗೊತ್ತು. ಹಡಗಿನಿಂದ ಒಬ್ಬ ಹೊಸ ಮನುಷ್ಯ ಇಳಿದರೆ ಸಂಜೆಯ ಹೊತ್ತಿಗೆ ಅವನ ಹೆಸರು, ಕೆಲಸ, ವಯಸ್ಸು, ಮದುವೆ ಆಗಿದೆಯೋ ಇಲ್ಲವೋ ಎಲ್ಲ ಮನೆಮನೆಗೂ ತಲುಪಿರುತ್ತದೆ. ಹುಟ್ಟುಹಬ್ಬ ಮುಚ್ಚಿಡುವುದಂತೂ ಆಗದ ಮಾತು. ಅದೇ ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರಿಗೆ ನನ್ನ ಹೆಸರೂ ಗೊತ್ತಿಲ್ಲ. ಲೆಕ್ಕ ಹಾಕಿದರೆ, ಜನ ಅತಿ ಕಡಿಮೆ ಸುಳಿದಾಡುವ ಪ್ರಶಾಂತ ತಾಣ ನನ್ನ ಮನೆ ಬಾಗಿಲು. ಆದರೆ ಅಲ್ಲಿ ಸೂರ್ಯಾಸ್ತ ಕಾಣಿಸುವುದಿಲ್ಲ, ಎದುರಿಗೆ ಲಿಫ್ಟು ಕಾಣಿಸುತ್ತದೆ.

ಚಿಲಿ ದೇಶದವರು ಈ ವಿಷಯದಲ್ಲಿ ಬುದ್ಧಿವಂತರು. 1704ರಲ್ಲಿ ಅಲೆಕ್ಸಾಂಡರ್ ಸೆಲ್ಕರ್ಕ್ ಅನ್ನುವ ಸ್ಕಾಟ್ಲೆಂಡಿನ ನಾವಿಕ ತನ್ನ ಕ್ಯಾಪ್ಟನ್ ಜೊತೆ ಜಗಳ ಆಡಿದ. ‘ಈ ಹಡಗು ಮುಳುಗುತ್ತೆ, ನನ್ನನ್ನು ಇಲ್ಲೇ ಇಳಿಸಿ’ ಅಂತ ಹಟ ಹಿಡಿದು ಪೆಸಿಫಿಕ್ ಸಾಗರದ, ಜನರೇ ಇಲ್ಲದ ಒಂದು ದ್ವೀಪದಲ್ಲಿ ಇಳಿದ. ಇಳಿದ ತಕ್ಷಣ ತಪ್ಪಾಯಿತು ಅನ್ನಿಸಿತು. ವಾಪಸ್ ಕರೆದುಕೊಳ್ಳಿ ಅಂದ. ಕ್ಯಾಪ್ಟನ್ ತಿರುಗಿ ನೋಡಲಿಲ್ಲ. 1709ರಲ್ಲಿ ಬೇರೆ ಹಡಗು ಬರುವ ತನಕ ನಾಲ್ಕು ವರ್ಷ ಚಿಲ್ಲರೆ ಒಬ್ಬನೇ ಇದ್ದ. ಅಷ್ಟೂ ಹುಟ್ಟುಹಬ್ಬಗಳು ಆಡುಗಳ ಜೊತೆ. (ಅವನು ಬಿಟ್ಟಿಳಿದ ಹಡಗು ನಿಜವಾಗಿಯೂ ಮುಳುಗಿತು. ಸರಿಯಾದ ಮಾತು ಹೇಳಿದವನಿಗೆ ಸಿಕ್ಕ ಬಹುಮಾನ ಹೀಗಿತ್ತು.) ಅವನ ಅನುಭವವೇ ರಾಬಿನ್ಸನ್ ಕ್ರೂಸೊ ಕಾದಂಬರಿಗೆ ಪ್ರೇರಣೆ ಅಂತಾರೆ. 1966ರಲ್ಲಿ ಚಿಲಿ ಸರ್ಕಾರ ಪ್ರವಾಸಿಗರನ್ನು ಸೆಳೆಯಲು ಆ ದ್ವೀಪಕ್ಕೆ ರಾಬಿನ್ಸನ್ ಕ್ರೂಸೊ ಅಂತ ಹೆಸರಿಟ್ಟಿತು. ಸೆಲ್ಕರ್ಕನಿಗೂ ಅನ್ಯಾಯ ಆಗಬಾರದು ಅಂತ, ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಇನ್ನೊಂದು ದ್ವೀಪಕ್ಕೆ ಅವನ ಹೆಸರು ಕೊಟ್ಟಿತು. ಅಂದರೆ ಇವನಿದ್ದ ದ್ವೀಪಕ್ಕೆ ಹುಟ್ಟೇ ಇಲ್ಲದವನ ಹೆಸರು. ಇವನ ಹೆಸರು ಇವನು ಕಾಲಿಡದ ದ್ವೀಪಕ್ಕೆ. ಪ್ರವಾಸೋದ್ಯಮವನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ಸರ್ಕಾರವನ್ನು ನಾನು ಇನ್ನೊಂದು ಕಂಡಿಲ್ಲ.

ಹುಟ್ಟುಹಬ್ಬದಿಂದಲೇ ತಪ್ಪಿಸಿಕೊಳ್ಳುವ ಆಸೆ ಇದ್ದರೆ ಸಮೋವಾ ಇತ್ತು. 2011ರಲ್ಲಿ ಆ ದೇಶ, ದಾಟಿದರೆ ತಾರೀಕೇ ಬದಲಾಗುವ ದಿನಾಂಕ ರೇಖೆಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳಿತು. ಡಿಸೆಂಬರ್ 29ರ ರಾತ್ರಿ ಮಲಗಿದವರು ಎದ್ದಿದ್ದು 31ಕ್ಕೆ. 30ನೇ ತಾರೀಕು ಹುಟ್ಟಿದವರಿಗೆ ಆ ವರ್ಷ ಹುಟ್ಟುಹಬ್ಬವೇ ಇಲ್ಲ. ಕೇಕ್ ಇಲ್ಲ, ಶುಭಾಶಯ ಇಲ್ಲ, ಉತ್ತರ ಬರೆಯುವ ಕಷ್ಟವೂ ಇಲ್ಲ. ಅದೇ ಸಮೋವಾದಲ್ಲಿ ನೆಲೆಸಿದ್ದ ಲೇಖಕ ಸ್ಟೀವನ್ಸನ್ 1891ರಲ್ಲಿ ತಮ್ಮ ಹುಟ್ಟುಹಬ್ಬವನ್ನು ಪತ್ರ ಮಾಡಿ ಒಬ್ಬ ಹುಡುಗಿಗೆ ದಾನ ಕೊಟ್ಟುಬಿಟ್ಟರು. ಅವಳು ಹುಟ್ಟಿದ್ದು ಕ್ರಿಸ್ಮಸ್ ದಿನ, ಪ್ರತ್ಯೇಕ ಉಡುಗೊರೆ ಸಿಗುವುದಿಲ್ಲ ಅನ್ನುವ ದೂರು. ನನಗೆ ಹುಟ್ಟುಹಬ್ಬ ಬಿಟ್ಟುಕೊಡುವ ಮನಸ್ಸಿರಲಿಲ್ಲ. ಬೇಡ ಅಂತ ಹೇಳಿಕೊಳ್ಳುವ ಮನಸ್ಸಷ್ಟೇ ಇತ್ತು.

ಕೊನೆಗೆ ಒಂದು ಸಾಧಾರಣ ದ್ವೀಪ ಗೊತ್ತು ಮಾಡಿದೆ. ಹೆಸರು ಹೇಳುವುದಿಲ್ಲ. ಪಟ್ಟಿಯಲ್ಲಿ ಅದು ಏಳನೆಯದು.

ರೂಮು ಬುಕ್ ಮಾಡಲು ಹೋದರೆ ಅತಿಥಿಗಳ ಸಂಖ್ಯೆ ಅನ್ನುವಲ್ಲಿ ಎರಡು ಅಂತ ಮೊದಲೇ ತುಂಬಿತ್ತು. ಒಂದು ಅಂತ ತಿದ್ದಿದೆ. ಬೆಲೆ ಮೇಲಕ್ಕೆ ಹೋಯಿತು. ಇದಕ್ಕೆ ಒಂಟಿ ಪ್ರಯಾಣಿಕರ ಹೆಚ್ಚುವರಿ ಶುಲ್ಕ ಅಂತ ಹೆಸರು. ಬಾರದೆ ಇರುವ ಮನುಷ್ಯನ ಹಾಸಿಗೆಗೆ, ಅವನು ತಿನ್ನದ ತಿಂಡಿಗೆ, ಒರೆಸಿಕೊಳ್ಳದ ಟವೆಲ್ಲಿಗೆ ನಾನು ದುಡ್ಡು ಕಟ್ಟಿದೆ. ರೂಮಿಗೆ ಹೋಗಿ ನೋಡಿದರೆ ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು. ಒಂದನ್ನು ಬಿಚ್ಚಿ ಮುಖ ಒರೆಸಿಕೊಂಡೆ. ಇನ್ನೊಂದು ನಾಲ್ಕು ದಿನವೂ ನನ್ನನ್ನು ದುರುಗುಟ್ಟಿ ನೋಡುತ್ತಿತ್ತು.

ದ್ವೀಪ ನಿಜಕ್ಕೂ ಶಾಂತವಾಗಿತ್ತು. ದೋಣಿಯಿಂದ ಇಳಿಯುತ್ತ, ‘ಆಹಾ, ಒಬ್ಬ ಮನುಷ್ಯನೂ ಇಲ್ಲ’ ಅಂದೆ. ದೋಣಿಯವನು ನನ್ನ ಎರಡು ಚೀಲಗಳನ್ನು ತಲೆ ಮೇಲೆ ಹೊತ್ತುಕೊಂಡು, ‘ಹೌದು ಸಾರ್, ಯಾರೂ ಇಲ್ಲ’ ಅಂದ. ಅವನ ಅಕ್ಕ ನನ್ನ ರೂಮು ಗುಡಿಸುತ್ತಿದ್ದಳು. ಅವನ ತಂದೆ ದಡದಲ್ಲಿ ಬಲೆ ಹೊಲಿಯುತ್ತ ಕೂತಿದ್ದ. ಅಲ್ಲೇ ಆರು ಮಕ್ಕಳು ಚೆಂಡು ಆಡುತ್ತಿದ್ದರು. ಒಟ್ಟಿನಲ್ಲಿ ಯಾರೂ ಇರಲಿಲ್ಲ.

ನೆಟ್‌ವರ್ಕ್ ಕೂಡ ಇರಲಿಲ್ಲ. ಅದಕ್ಕೇ ಅಲ್ವಾ ಬಂದಿದ್ದು? ಒಂದು ಗಂಟೆ ತಡೆದುಕೊಂಡೆ. ಆಮೇಲೆ ಸುಮ್ನೆ ಕೇಳಿದೆ, ಸಿಗ್ನಲ್ ಎಲ್ಲಿ ಸಿಗುತ್ತೆ ಅಂತ. ಗುಡ್ಡದ ಮೇಲೆ, ನೀರಿನ ಟ್ಯಾಂಕಿನ ಹತ್ತಿರ ಅಂದರು. ಏದುಸಿರು ಬಿಡುತ್ತ ಹತ್ತಿದರೆ ಅಲ್ಲಿ ಆಗಲೇ ಒಂಬತ್ತು ಜನ ಒಂಟಿ ಪ್ರಯಾಣಿಕರು. ಒಬ್ಬೊಬ್ಬರೂ ಒಂದೊಂದು ಬಂಡೆ ಹಿಡಿದಿದ್ದರು. ಎಲ್ಲರ ಬೆನ್ನೂ ಕಡಲಿಗೆ, ಮುಖ ಫೋನಿಗೆ. ಇಬ್ಬರದ್ದು ಅವತ್ತೇ ಹುಟ್ಟುಹಬ್ಬವಂತೆ. ಪರಸ್ಪರ ಶುಭಾಶಯ ಹೇಳಿಕೊಂಡಿರಲಿಲ್ಲ, ಏಕಾಂತ ಕೆಡುತ್ತದಲ್ಲ. ಒಬ್ಬಾಕೆ ನನ್ನ ಹತ್ತಿರ ಬಂದು ತುಂಬ ವಿನಯದಿಂದ ಕೇಳಿದಳು: ‘ಸ್ವಲ್ಪ ಪಕ್ಕಕ್ಕೆ ನಿಂತ್ಕೋತೀರಾ? ನಾನು ಒಬ್ಬಳೇ ಇರೋ ಫೋಟೊ ಬೇಕಿತ್ತು.’ ನಾನು ಸರಿದೆ. ಸರಿದ ಜಾಗದಲ್ಲಿ ಇನ್ನೊಬ್ಬನ ಏಕಾಂತಕ್ಕೆ ಅಡ್ಡ ಬಂದೆ.

ಸೇಂಟ್ ಹೆಲೆನಾದಲ್ಲಿ ನೆಪೋಲಿಯನ್ ಪಟ್ಟ ಪಾಡು ಆಗ ನೆನಪಾಯಿತು. 1815ರಲ್ಲಿ ಬ್ರಿಟಿಷರು ತಮ್ಮದೇ ಹಡಗಿನಲ್ಲಿ ಅವನನ್ನು ಅಲ್ಲಿಗೆ ಕರೆದೊಯ್ದು ಬಿಟ್ಟರು. ಸಾಯುವ ತನಕ ಐದು ಹುಟ್ಟುಹಬ್ಬ ಅಲ್ಲೇ ಆಯಿತು. ಅವನು ಓಡಿಹೋಗಿಲ್ಲ ಅಂತ ಒಬ್ಬ ಅಧಿಕಾರಿ ದಿನಾ ಕಣ್ಣಾರೆ ನೋಡಿ ವರದಿ ಒಪ್ಪಿಸಬೇಕಿತ್ತು. ನೆಪೋಲಿಯನ್‌ಗೆ ಅದು ಮೈಯೆಲ್ಲ ಉರಿ. ಬೇಕಂತಲೇ ರೂಮಿನಿಂದ ಆಚೆ ಬರದೆ ಸತಾಯಿಸುತ್ತಿದ್ದ. ಇಲ್ಲಿ ಗುಡ್ಡದ ಮೇಲಿದ್ದ ನಾವು ಹತ್ತು ಜನವೂ ನಮ್ಮನ್ನು ಎಷ್ಟು ಜನ ನೋಡಿದರು ಅಂತ ಎರಡೆರಡು ನಿಮಿಷಕ್ಕೆ ಎಣಿಸುತ್ತಿದ್ದೆವು.

ನನ್ನ ಫೋನಿಗೆ ಎರಡು ಶುಭಾಶಯ ಬಂದಿದ್ದವು. ಒಂದು ಬ್ಯಾಂಕಿನದು, ಇನ್ನೊಂದು ಹಲ್ಲಿನ ಡಾಕ್ಟರದು. ಹುಡುಕಬೇಡಿ ಅಂದಿದ್ದೆನಲ್ಲ, ಯಾರೂ ಹುಡುಕಿರಲಿಲ್ಲ. ನನ್ನ ಮಾತನ್ನು ಜನ ಇಷ್ಟು ಚಾಚೂತಪ್ಪದೆ ಪಾಲಿಸಿದ್ದು ಜೀವನದಲ್ಲಿ ಅದೇ ಮೊದಲು.

ಸಂಜೆ ದಡದಲ್ಲಿ ಫೋಟೊ ಆಯಿತು. ಬರಿಗಾಲಲ್ಲಿ ಕಡಲ ಕಡೆ ಮುಖ ಮಾಡಿ ನಾನು ನಡೆದುಹೋಗುತ್ತಿರುವುದು, ಹಿಂದೆ ಹೆಜ್ಜೆ ಗುರುತು ಒಂದೇ ಸಾಲು. ಹನ್ನೊಂದು ಸಲ ನಡೆದೆ. ಪ್ರತಿ ಸಲವೂ ಹಳೆಯ ಹೆಜ್ಜೆ ಅಳಿಸಲು ಮರಳು ಸವರಬೇಕಾಯಿತು. ಅದನ್ನೂ ನಾನು ಮಾಡಲಿಲ್ಲ. ಕತ್ತಲಾಗುವ ಮೊದಲು ಮತ್ತೆ ಗುಡ್ಡ ಹತ್ತಿ ಹಾಕಿದೆ: ‘ನಾನು, ಕಡಲು. ಬೇರೆ ಯಾರೂ ಇಲ್ಲ.’

ಮೊದಲ ಕಮೆಂಟು ಬಂತು. ‘ಚೆನ್ನಾಗಿದೆ. ಫೋಟೊ ತೆಗೆದಿದ್ದು ಯಾರು?’

ಟೈಮರ್ ಇಟ್ಟಿದ್ದೆ ಅಂತ ಬರೆದೆ. ಟೈಮರ್ ಆಗ ಕೆಳಗೆ ದೋಣಿಯ ಪಕ್ಕದಲ್ಲಿ ನನ್ನ ಚಪ್ಪಲಿ ಹಿಡಿದುಕೊಂಡು ಕಾಯುತ್ತಿತ್ತು.