ಹೀರೋ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ?

ಸಿನಿಮಾ ನೋಡುವಾಗ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಇವನಿಗೆ ದುಡ್ಡು ಎಲ್ಲಿಂದ ಬರುತ್ತದೆ? ಬೆಳಗ್ಗೆ ಎದ್ದು ಎಲ್ಲಿಗೆ ಕೆಲಸಕ್ಕೆ ಹೋಗುತ್ತಾನೆ? ಇದಕ್ಕೆ ಉತ್ತರ ಕೊಡುವ ಸಿನಿಮಾ ನನಗೆ ತಕ್ಷಣ ಹಿಡಿಸಿಬಿಡುತ್ತದೆ. ಉತ್ತರವೇ ಕೊಡದಿದ್ದರೆ ಎಷ್ಟು ಕೋಟಿ ಸುರಿದಿದ್ದರೂ ಮನಸ್ಸು ಒಳಗೆ ಹೋಗುವುದಿಲ್ಲ.

‘ತಿಥಿ’ ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಮಂಡ್ಯ ಕಡೆಯ ಹಳ್ಳಿ, ನಟನೆಯ ಗಂಧಗಾಳಿ ಇಲ್ಲದ ಊರಿನವರೇ ಪಾತ್ರಧಾರಿಗಳು. ಶತಾಯುಷಿ ಸೆಂಚುರಿ ಗೌಡ ಸತ್ತಿದ್ದಾನೆ, ಹನ್ನೊಂದನೇ ದಿನಕ್ಕೆ ತಿಥಿ ಆಗಬೇಕು. ಎಲ್ಲರೂ ಸೆಂಚುರಿ ಗೌಡನ ಮಗ ಗಡ್ಡಪ್ಪನ ಬಗ್ಗೆ ಮಾತಾಡುತ್ತಾರೆ, ಸರಿ. ಆದರೆ ನಾನು ನೋಡುವುದು ಗಡ್ಡಪ್ಪನ ಮಗ ತಮ್ಮಣ್ಣನನ್ನು. ಅಪ್ಪನ ಪಾಲಿಗೆ ಬರಬೇಕಾದ ಜಮೀನು ಮಾರಬೇಕು, ಅಪ್ಪ ನೋಡಿದರೆ ಯಾವುದಕ್ಕೂ ಕ್ಯಾರೇ ಅನ್ನುವುದಿಲ್ಲ. ಕೊನೆಗೆ ಬದುಕಿರುವ ಅಪ್ಪನ ಹೆಸರಲ್ಲೇ ಸಾವಿನ ಸರ್ಟಿಫಿಕೇಟ್ ಮಾಡಿಸುತ್ತಾನೆ. ಅದಕ್ಕೆ ಲಂಚ, ಲಂಚಕ್ಕೆ ಬಡ್ಡಿ ಸಾಲ. ಪಹಣಿ, ಖಾತೆ ಅಂತ ಕಚೇರಿ ಅಲೆದ ಯಾವ ಮನೆಯವರಿಗೂ ತಮ್ಮಣ್ಣನ ಮುಖದ ಆ ಆತುರ ಗೊತ್ತು. ಅವನನ್ನು ಕೆಟ್ಟವನು ಅನ್ನಲು ನನಗೆ ಬಾಯೇ ಬರುವುದಿಲ್ಲ. ಅತ್ತ ಗಡ್ಡಪ್ಪ ಕುರಿ ಕಾಯುವವರ ಜೊತೆ ಸೇರಿಕೊಂಡು ತನ್ನ ಹಳೆಯ ಕಥೆ ಹೇಳುತ್ತಾನಲ್ಲ, ಹಿನ್ನೆಲೆ ಸಂಗೀತ ಸುರಿದು ಅಳಿಸುವ ಎಷ್ಟೋ ದೃಶ್ಯಗಳಿಗಿಂತ ಅದು ಜಾಸ್ತಿ ನಾಟಿತು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಇದಕ್ಕೆ ಪ್ರಶಸ್ತಿ ಬಂತು. ಬರಲೇಬೇಕಿತ್ತು.

ಅದೇ ಕಾರಣಕ್ಕೆ ‘ಶಿವಮ್ಮ ಯರೇಹಂಚಿನಾಳ’ ಕೂಡ ಇಷ್ಟ. ಕೊಪ್ಪಳ ಕಡೆಯ ಹೆಣ್ಣುಮಗಳು, ಶಾಲೆಯಲ್ಲಿ ಬಿಸಿಯೂಟದ ಅಡುಗೆ. ಗಂಡ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾನೆ. ಚೈನ್ ಲಿಂಕ್ ಕಂಪನಿಯ ಪೌಡರ್ ಕುಡಿಸಿದರೆ ಅವನು ಎದ್ದು ಓಡಾಡುತ್ತಾನೆ ಅಂತ ನಂಬಿ, ಇದ್ದ ದುಡ್ಡನ್ನೆಲ್ಲ ಅದಕ್ಕೇ ಹಾಕುತ್ತಾಳೆ. ಊರವರಿಗೂ ಮಾರಲು ಹೊರಡುತ್ತಾಳೆ. ಅವಳ ಹಟ ನೋಡುತ್ತಾ ಕೂತರೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ನಮ್ಮ ಎಲ್ಲರ ಬಳಗದಲ್ಲೂ ಇಂಥ ಒಬ್ಬರು ಚಿಕ್ಕಮ್ಮನೋ ಅತ್ತೆಯೋ ಇದ್ದಾರೆ, ಅಲ್ವಾ?

ಈಗ ಇಷ್ಟವಾಗದ್ದು. ಬೈಸಿಕೊಂಡರೂ ಪರವಾಗಿಲ್ಲ, ‘ಕೆಜಿಎಫ್’ ಎರಡನೇ ಭಾಗ ನನಗೆ ಹಿಡಿಸಲಿಲ್ಲ. ಮೊದಲನೇ ಭಾಗದಲ್ಲಿ ಗಣಿಯ ಜೀತದ ಜನ ಇದ್ದರು, ಅವರ ಹಸಿವಿತ್ತು, ಭಯವಿತ್ತು. ಕಣ್ಣು ಕಾಣದ ಮುದುಕನನ್ನು ಕಾವಲಿನವರು ಕೊಲ್ಲಲು ಹೊರಟಾಗ ಹೀರೋ ರಾಕಿ ತಿರುಗಿ ಬೀಳುವ ದೃಶ್ಯಕ್ಕೆ ನಾನೂ ಸೀಟಿನ ತುದಿಗೆ ಬಂದಿದ್ದೆ. 2022ರಲ್ಲಿ ಎರಡನೆಯದು ಬಂದಾಗ ಆ ಜನ ಕೈ ಮುಗಿಯಲು ಮಾತ್ರ ಉಳಿದರು. ಪೊಲೀಸ್ ಠಾಣೆಯನ್ನೇ ಮೆಷಿನ್ ಗನ್ನಿನಿಂದ ಜರಡಿ ಮಾಡಿ, ಕಾದು ಕೆಂಪಾದ ನಳಿಗೆಯಲ್ಲಿ ಸಿಗರೇಟು ಹಚ್ಚಿಕೊಳ್ಳುವುದು. ಥಿಯೇಟರ್ ತುಂಬ ಶಿಳ್ಳೆ, ನನಗೆ ಸುಮ್ನೆ ತಲೆನೋವು. ಪ್ರತಿ ಐದು ನಿಮಿಷಕ್ಕೆ ಯಾರಾದರೂ ಒಬ್ಬರು ಹೀರೋನನ್ನು ಹೊಗಳಲೇಬೇಕೇ?

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ನಿಜವಾದ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ ಪ್ರದೇಶ, ನಮ್ಮ ಕಣ್ಣೆದುರೇ ಇದೆ. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್ ಗಣಿ, ಒಳಗಿನ ಬೇಗೆ, ಕಲ್ಲಿನ ದೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡ ಕಾರ್ಮಿಕರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಆ ಕಾರ್ಮಿಕರ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬರುತ್ತಾರೆ. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಅಲ್ಲಿನ ಸೈನೈಡ್ ದಿಬ್ಬಗಳ ಮೇಲೆಯೇ ಸಿನಿಮಾದ ಶೂಟಿಂಗ್ ಮಾಡಿದರು. ಆ ಜನರ ಕಥೆಯನ್ನು ಇಷ್ಟೇ ದೊಡ್ಡದಾಗಿ ತೆಗೆಯುವವರು ನಮ್ಮಲ್ಲಿ ಯಾಕೆ ಇಲ್ಲ?

‘ಕಾಂತಾರ’ದ ಕೊನೆಯ ಭಾಗ ನೋಡುವಾಗ ಮೈ ಜುಮ್ಮೆಂದಿದ್ದು ಸುಳ್ಳಲ್ಲ. ಆದರೆ ಲೀಲಾಳ ವಿಷಯದಲ್ಲಿ ನನಗೆ ಬೇಜಾರಿದೆ. ಓದಿ ಫಾರೆಸ್ಟ್ ಗಾರ್ಡ್ ಆದ ಹುಡುಗಿ. ಕೆಲಸಕ್ಕೆ ಸೇರಿದ ಕೂಡಲೇ ತನ್ನ ಜನರ ವಿರುದ್ಧವೇ ಬೇಲಿ ಹಾಕಿಸಲು ನಿಲ್ಲಬೇಕು. ಇಡೀ ಸಿನಿಮಾದಲ್ಲಿ ಅತಿ ಕಷ್ಟದ ಜಾಗದಲ್ಲಿ ನಿಂತಿರುವವಳು ಅವಳೇ. ಅವಳ ಮನಸ್ಸಿನಲ್ಲಿ ಏನಾಗುತ್ತಿದೆ ಅಂತ ತೋರಿಸಲು ಸಮಯ ಇರಲಿಲ್ಲ, ಹೀರೋ ಅವಳ ಸೊಂಟ ಚಿವುಟುವುದಕ್ಕೆ ಮಾತ್ರ ಇತ್ತು.

‘ಒಂದು ಮೊಟ್ಟೆಯ ಕಥೆ’ಯ ಕನ್ನಡ ಮೇಷ್ಟ್ರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ‘ಸಪ್ತ ಸಾಗರದಾಚೆ ಎಲ್ಲೋ’ ಮೊದಲ ಭಾಗ ಮಾತ್ರ ಬಿಡಲಾಗುವುದಿಲ್ಲ. ಮನು ಸಾಹುಕಾರರ ಮನೆಯ ಡ್ರೈವರ್. ಪ್ರೀತಿಸಿದ ಹುಡುಗಿ ಪ್ರಿಯಾಳಿಗೆ ಒಂದು ಮನೆ ಮಾಡಿಕೊಡಬೇಕು ಅನ್ನುವ ಆಸೆಗೆ ಇನ್ನೊಬ್ಬನ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬೆಂಗಳೂರಿನಲ್ಲಿ ಬಾಡಿಗೆ, ಅಡ್ವಾನ್ಸ್ ಅಂತ ಒದ್ದಾಡಿದವರಿಗೆ ಆ ಆಸೆ ಎಷ್ಟು ದೊಡ್ಡದು ಅಂತ ಗೊತ್ತು. ಎರಡನೇ ಭಾಗದ ಹೊಡೆದಾಟ, ಸೇಡು ನನಗೆ ಬೇಕಿರಲಿಲ್ಲ. ನನ್ನ ತಂಗಿಗೆ ಅದೇ ಜಾಸ್ತಿ ಇಷ್ಟ, ಮನೆಯಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ಎರಡೂ ನೋಡಿದವರು ಹೇಳಿ, ನಿಮ್ಮ ಓಟು ಯಾವುದಕ್ಕೆ?