ಅಮ್ಮ ಕಡಲಿಗಿಳಿದ ದಿನ

ಸ್ಪೇನಿನ ಕಡಲೂರು ಬೆನಿಡೋರ್ಮ್‌ಗೆ ಹೋಗುತ್ತೇವೆ ಅಂದಾಗ ಆಫೀಸಿನ ಸ್ಪೇನ್ ಗೆಳೆಯರೇ ಮುಖ ಸಿಂಡರಿಸಿದ್ದರು. "ಅಲ್ಲೇನಿದೆ? ಬರೀ ಕಟ್ಟಡ." ನಿನ್ನೆ ವಾಪಸ್ ಬಂದೆವು. ಅಲ್ಲಿ ಕಂಡದ್ದರ ಖುಷಿ ಇನ್ನೂ ಇಳಿದಿಲ್ಲ. ನಮ್ಮೂರ ಕಡಲತೀರ ನೆನೆದು ಬಂದ ಸಿಟ್ಟೂ ಇಳಿದಿಲ್ಲ.

ಅಮ್ಮನ ಮಂಡಿಯ ವಿಷಯ ನಿಮಗೆಲ್ಲ ಗೊತ್ತಲ್ವಾ. ನಾಲ್ಕು ಹೆಜ್ಜೆಗಿಂತ ಜಾಸ್ತಿ ನಡೆಯಲು ಆಗುವುದಿಲ್ಲ. ಹತ್ತಿರದ ಅಲಿಕಾಂತೆ ನಗರದಿಂದ ಟ್ರಾಮಿನಲ್ಲಿ ಹೋದೆವು. ಲೆವಾಂತೆ ಬೀಚಿನಲ್ಲಿ ಮರಳಿನ ಮೇಲೆ ಹಲಗೆ ಹಾಸಿದ ದಾರಿ ನೀರಿನ ಹತ್ತಿರದವರೆಗೂ ಇತ್ತು. ಅದರ ಕೊನೆಯಲ್ಲಿ ಬಲೂನಿನಂಥ ದಪ್ಪ ಚಕ್ರದ ಕುರ್ಚಿ. ನೀರಿನಲ್ಲಿ ತೇಲುತ್ತದೆ. ಇಬ್ಬರು ಹುಡುಗರು ಅಮ್ಮನನ್ನು ಅದರಲ್ಲಿ ಕೂರಿಸಿ, ಸೀರೆಯ ಸೆರಗು ಚಕ್ರಕ್ಕೆ ಸಿಗದಂತೆ ಮಡಿಲಲ್ಲಿಟ್ಟು, ಸೊಂಟದ ನೀರಿನವರೆಗೆ ಕರೆದೊಯ್ದರು. ಅಮ್ಮ ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡಳು. "ನಮ್ ಕಡಲಿಗಿಂತ ಉಪ್ಪು ಜಾಸ್ತಿ ಮಗಾ" ಅಂದಳು. ನಿಜವೇ, ಮೆಡಿಟರೇನಿಯನ್ ನಮ್ಮ ಅರಬ್ಬಿ ಸಮುದ್ರಕ್ಕಿಂತ ಉಪ್ಪು.

ಒಂದು ಮಾತು ಹೇಳಿಬಿಡುತ್ತೇನೆ. ಕಡಲ ದಡದಲ್ಲೇ ಹುಟ್ಟಿ ಬೆಳೆದವಳು ಅಮ್ಮ. ಕಳೆದ ಆರು ವರ್ಷ ಊರಿಗೆ ಹೋದಾಗಲೆಲ್ಲ ನಾವು ನೀರಿಗೆ ಓಡಿದ್ದೇವೆ, ಅವಳು ಕಾರಿನಲ್ಲೇ ಕೂತಿದ್ದಾಳೆ. ಕಿಟಕಿ ಇಳಿಸಿ ಬಂದರೆ ಸಾಕು ಅಂದುಕೊಂಡಿದ್ದೆ. ಅದನ್ನು ನೆನೆದು ಅಲ್ಲೇ ಅತ್ತುಬಿಟ್ಟೆ.

ಬೆನಿಡೋರ್ಮ್ ಕೂಡ ಮೊದಲು ಮೀನುಗಾರರ ಊರೇ. ಟ್ಯೂನಾ ಹಿಡಿಯುವುದರಲ್ಲಿ ಹೆಸರಾಗಿದ್ದವರು. 1956ರಲ್ಲಿ ಇಡೀ ಊರಿಗೆ ಒಂದು ನಕ್ಷೆ ಮಾಡಿಕೊಂಡರು. ಕಟ್ಟಡಗಳು ಅಡ್ಡ ಹರಡುವ ಬದಲು ಮೇಲಕ್ಕೆ ಬೆಳೆದವು. ಬಾಲಿ ಹೋಟೆಲ್ 186 ಮೀಟರ್ ಎತ್ತರ ಇದೆ. ಚೆಂದ ಇದೆ ಅಂತ ನಾನೂ ಹೇಳುವುದಿಲ್ಲ. ಆದರೆ ಊರು ಹಾಗೆ ಒತ್ತಾಗಿರುವುದರಿಂದಲೇ ಅಮ್ಮನ ಗಾಲಿಕುರ್ಚಿ ತಳ್ಳಿಕೊಂಡು ಹತ್ತು ನಿಮಿಷಕ್ಕೆ ಕಡಲು ಸೇರುತ್ತಿದ್ದೆವು. ಸಂಜೆ ದಡದುದ್ದಕ್ಕೂ ಬೆಂಚುಗಳು. ಬೀಸಣಿಗೆ ಹಿಡಿದ ಅಜ್ಜಿಯರು, ಕೈ ಹಿಡಿದು ಕುಣಿಯುವ ಮುದುಕ ಮುದುಕಿಯರು. ಸ್ಪೇನ್ ಸರ್ಕಾರ 1985ರಿಂದ ಪಿಂಚಣಿದಾರರನ್ನು ಸೀಸನ್ ಮುಗಿದ ಮೇಲೆ ಕಡಿಮೆ ಖರ್ಚಿನಲ್ಲಿ ಇಂಥ ಊರುಗಳಿಗೆ ಕಳಿಸುತ್ತದೆ. ಹಾಗಾಗಿ ಚಳಿಗಾಲದಲ್ಲೂ ಹೋಟೆಲ್‌ಗಳು ನಡೆಯುತ್ತವೆ, ಕೆಲಸದವರಿಗೆ ಸಂಬಳವೂ ಸಿಗುತ್ತದೆ.

ನಮ್ಮ ಕಡಲು ಒರಟು, ಮಳೆಗಾಲದಲ್ಲಿ ದಡವನ್ನೇ ಕೊರೆಯುತ್ತದೆ, ಅಲ್ಲಿಯ ಹಾಗೆ ಉಬ್ಬರ ಇಳಿತ ಕಾಣದ ನೀರಲ್ಲ ಅಂತೀರಿ. ಒಪ್ಪಿದೆ. ನೀರಿಗೆ ಇಳಿಸುವುದೇ ಬೇಡ. ನವೆಂಬರ್‌ನಿಂದ ಮೇ ತನಕ ಹಾಸಿ, ಮಳೆಗೆ ಮುಂಚೆ ಎತ್ತಿಡುವ ಹಲಗೆ ದಾರಿ ಸಾಕು. ನೆರಳಲ್ಲಿ ಒಂದು ಬೆಂಚು, ಕುರ್ಚಿ ಒಳಗೆ ಹೋಗುವಷ್ಟು ಅಗಲದ ಬಾಗಿಲಿರುವ ಶೌಚಾಲಯ. ನಮ್ಮ ಮೀನುಗಾರರು ಅಷ್ಟು ಭಾರದ ದೋಣಿಯನ್ನೇ ಮಳೆಗಾಲಕ್ಕೆ ಮೇಲೆಳೆದು ಇಡುತ್ತಾರೆ. ನಮಗೆ ನಾಲ್ಕು ಹಲಗೆ ಎತ್ತಿಡಲು ಆಗಲ್ವಾ? ಸೆಲ್ಫಿ ತೆಗೆಯಲು ದೊಡ್ಡ ಅಕ್ಷರದಲ್ಲಿ ಊರಿನ ಹೆಸರು ನಿಲ್ಲಿಸಲು ದುಡ್ಡಿದೆ, ಇದಕ್ಕೆ ಇಲ್ಲ. ಇದು ನನಗೆ ಸಹಿಸಲು ಆಗುತ್ತಿಲ್ಲ.

ವಾಪಸ್ ಬರುವಾಗ ಟ್ರಾಮಿನಲ್ಲಿ ಅಮ್ಮನ ಸೀರೆಯ ಅಂಚಿನಿಂದ ಮರಳು ಉದುರುತ್ತಿತ್ತು. ಕೊಡವಲು ಹೋದರೆ ಬೇಡ ಅಂದಳು.

ಫೋಟೋಗಳ ಜೊತೆ ಒಂದು ಪತ್ರ ಬರೆದಿಟ್ಟಿದ್ದೇನೆ. ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಪಂಚಾಯಿತಿಗೆ ಕೊಡುತ್ತೇನೆ. ಜೊತೆಗೆ ಬರುವವರು ಹೇಳಿ.